ತೊಯ್ದ ಲಾರಿ ಮತ್ತು ಕೆಂಪು ಶಾಯಿಯ ಪುಸ್ತಕ

ಹನ್ನೊಂದು ವರ್ಷ ನಮ್ಮ ಹತ್ತಿರ ಒಂದು ಲಾರಿ ಇತ್ತು. ಬಿಸಿಲಿನಲ್ಲಿ ಅದು ಒಮ್ಮೆಯೂ ಕೈಕೊಡಲಿಲ್ಲ. ತೊಯ್ದಾಗ ಒಮ್ಮೆಯೂ ಕೈಕೊಡದೆ ಬಿಡಲಿಲ್ಲ. ನಮ್ಮ ಯಾದಗಿರಿ ಸೀಮೆಯಲ್ಲಿ ನೀರಿಗೆ ಹೆದರುವ ಲಾರಿ ಇದ್ದರೆ ಏನಂತೆ, ಇಲ್ಲಿ ನೀರೆಲ್ಲಿದೆ ಎಂದುಕೊಂಡು ನಾವು ಅದನ್ನು ಕೊಂಡೆವು. ಆಮೇಲೆ ಕಾಲುವೆ ಬಂತು.

ಆ ಲಾರಿಯ ಪ್ರಸಂಗಗಳು ನೂರಿವೆ. ಒಂದೇ ಮಳೆಗಾಲದ ಕೆಲವನ್ನು ಮಾತ್ರ ಇಲ್ಲಿ ಹೇಳುತ್ತೇನೆ. ಉಳಿದವನ್ನು ಹೇಳಿದರೆ ನೀವು ನಂಬುವುದಿಲ್ಲ.

ನಿಯಮ

ನಮ್ಮವರು ಶಹಾಪುರದ ಹತ್ತಿರದ ಕಾಲುವೆ ಕ್ಯಾಂಪಿನಲ್ಲಿ ಗುಮಾಸ್ತರು. ಸರ್ಕಾರಿ ನೌಕರನ ಹೆಸರಿನಲ್ಲಿ ವ್ಯಾಪಾರ ಇರಬಾರದೆಂದು ಲಾರಿಯನ್ನು ನನ್ನ ಹೆಸರಿಗೆ ಮಾಡಿಸಿದರು. ಹೆಸರಷ್ಟೇ ನನ್ನದು, ಕಾರಭಾರ ಅವರದು ಎಂಬುದು ಅವರ ಎಣಿಕೆಯಾಗಿತ್ತು. ಆದರೆ ನಾನು ಗುಲ್ಬರ್ಗದ ಕಾನ್ವೆಂಟಿನಲ್ಲಿ ಹತ್ತು ವರ್ಷ ಓದಿದವಳು. ಯಾವ ವಸ್ತುವಿನ ಮೇಲೆ ನನ್ನ ಹೆಸರಿದೆಯೋ ಅದು ಶಿಸ್ತಿನಿಂದ ಇರಬೇಕು, ಅದು ಕರವಸ್ತ್ರವಾಗಲಿ, ಲಾರಿಯಾಗಲಿ.

ಕಾನ್ವೆಂಟಿನಲ್ಲಿ ನಡತೆಯ ಪುಸ್ತಕ ಎಂದು ಒಂದಿತ್ತು. ತಪ್ಪು ಮಾಡಿದ ಹುಡುಗಿಯ ಹೆಸರಿನ ಮುಂದೆ ಸಿಸ್ಟರ್ ಕೆಂಪು ಶಾಯಿಯಲ್ಲಿ ಗುರುತು ಹಾಕುತ್ತಿದ್ದರು. ಮೂರು ಗುರುತು ಬಿದ್ದರೆ ಟ್ರಂಕು ಕಟ್ಟಿಕೊಂಡು ಮನೆಗೆ. ಹತ್ತು ವರ್ಷದಲ್ಲಿ ನನ್ನ ಹೆಸರಿನ ಮುಂದೆ ಒಂದು ಗುರುತೂ ಬೀಳಲಿಲ್ಲ. ಇದನ್ನು ನಾನು ಸಂಕೋಚವಿಲ್ಲದೆ ಹೇಳುತ್ತೇನೆ.

ಲಾರಿಗೂ ಅಂಥದೇ ಒಂದು ಪುಸ್ತಕ ಮಾಡಿದೆ. ದಿನಾಂಕಕ್ಕೆ, ಊರಿಗೆ, ತಪ್ಪಿತಸ್ಥರಿಗೆ, ಕಾರಣಕ್ಕೆ ಒಂದೊಂದು ಅಂಕಣ. ಕಾರಣವನ್ನು ಡ್ರೈವರನೇ ತನ್ನ ಕೈಯಾರೆ, ಪೂರ್ಣ ವಾಕ್ಯದಲ್ಲಿ ಬರೆಯಬೇಕು. ಮೊದಲ ಪುಟದಲ್ಲಿ ನಿಯಮ ಬರೆದೆ: "ಒಂದು ಮಳೆಗಾಲದಲ್ಲಿ ಯಾರ ಹೆಸರಿನ ಮುಂದೆ ಮೂರು ಕೆಂಪು ಗುರುತು ಬೀಳುವವೋ ಅವರು ತಮ್ಮ ಮನೆಗೆ ಹೋಗತಕ್ಕದ್ದು."

ನಮ್ಮವರು ಓದಿ, "'ಯಾರ' ಅಂತ ಯಾಕ ಬರದಿ? ಡ್ರೈವರ್ ಅಂತ ಬರಿ" ಎಂದರು.

"ನಿಯಮ ಎಲ್ಲರಿಗೂ ಒಂದೇ" ಎಂದೆ.

"ಮುಂದ ತ್ರಾಸ ಆದೀತು ನೋಡು" ಎಂದು ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಗುಮಾಸ್ತರು ವಾಕ್ಯಗಳ ವಿಷಯದಲ್ಲಿ ಎಷ್ಟು ದೂರ ನೋಡುತ್ತಾರೆಂದು ನನಗೆ ಆಗ ತಿಳಿಯಲಿಲ್ಲ.

ಲಾರಿಯ ಕಾರಹುಣ್ಣಿಮೆ

ಡ್ರೈವರ್ ಸುರಪುರದ ಹತ್ತಿರ ದೇವಾಪುರದ ಒಕ್ಕಲಿನ ಮನೆಯವನು. ಮೂವತ್ತರ ಆಸುಪಾಸಿನ, ಮೆತ್ತಗಿನ ಮಾತಿನ ಮನುಷ್ಯ. ಕಾಲುವೆ ನೀರು ಬಂದ ಮೇಲೆ ಅವನ ಅಣ್ಣ ಜೋಳ ಬಿಟ್ಟು ಭತ್ತ ಹಚ್ಚಿದ್ದ. "ನೀನೂ ಬಾ, ಗದ್ದಿಗೆ ಇಳಿ" ಎಂದು ವಾರಕ್ಕೊಮ್ಮೆ ಹೇಳಿಕಳಿಸುತ್ತಿದ್ದ. ಇವನಿಗೆ ಕೆಸರೆಂದರೆ ಮೈಯೆಲ್ಲ ಮುಳ್ಳು. "ಮೊಣಕಾಲ ತನಕ ರಾಡಿ, ಕಾಲಾಗ ಏನೇನೋ ಹರದಾಡ್ತಾವ್ರಿ ಅಮ್ಮಾ. ನನಗ ಸ್ಟೇರಿಂಗ್ ಬಿಟ್ಟು ಬ್ಯಾರೆ ಬದುಕ ಇಲ್ಲ" ಎನ್ನುತ್ತಿದ್ದ. ನನ್ನ ಪುಸ್ತಕದಲ್ಲಿ "ತಮ್ಮ ಮನೆಗೆ" ಎಂದರೆ ಅವನ ಪಾಲಿಗೆ ಆ ಗದ್ದೆಯೇ.

ಆ ವರ್ಷ ಕಾಲುವೆಗೆ ನೀರು ಬೇಗ ಬಿಟ್ಟಿದ್ದರು. ಕಾರಹುಣ್ಣಿಮೆಯ ದಿನ ಬೆಳಿಗ್ಗೆ ಲಾರಿ ಮನೆಯ ಮುಂದೆ ಇರಲಿಲ್ಲ. ಹತ್ತು ಗಂಟೆಗೆ ಒಬ್ಬ ಸೈಕಲ್ಲಿನವನು ಬಂದು, "ಅಮ್ಮಾರ, ನಿಮ್ಮ ಲಾರಿ ಕಾಲುವ್ಯಾಗ ನಿಂತದ. ಬರವಲ್ದು" ಎಂದ.

ಹೋಗಿ ನೋಡಿದೆ. ದನ ಇಳಿಯುವ ಇಳಿಜಾರಿನಲ್ಲಿ, ಎತ್ತುಗಳ ಸಾಲಿನಲ್ಲಿ, ನಮ್ಮ ಲಾರಿ ಹೊಟ್ಟೆಯವರೆಗೆ ನೀರಿನಲ್ಲಿ ನಿಂತಿತ್ತು. ಬಂಪರಿನ ಎರಡು ತುದಿಗೂ ಕೊಂಬಿಗೆ ಹಚ್ಚುವ ಬಣ್ಣ. ಮೂತಿಗೆ ಗೆಜ್ಜೆಸರ. ಡ್ರೈವರ್ ಬಾನೆಟ್ಟಿನ ಮೇಲೆ ಕುಳಿತು ಗೋಣಿಯ ತುಂಡಿನಿಂದ ತಿಕ್ಕುತ್ತಿದ್ದ.

"ಇದೇನಿದು?" ಎಂದೆ.

"ಎತ್ತಿಗೆ ವರ್ಷಕ್ಕೊಮ್ಮಿ ಮೈ ತೊಳೀತಾರಲ್ರಿ ಅಮ್ಮಾ. ಇದೂ ವರ್ಷಾನಗಟ್ಲೆ ದುಡದದ."

"ಎತ್ತು ತಾನಾಗಿ ಮೇಲೆ ಬರುತ್ತದೆ. ಇದು ಬರುತ್ತದೆಯೇ?"

ಅವನು ಸುತ್ತಲೂ ನೋಡಿದ. ಎತ್ತುಗಳೆಲ್ಲ ಒಂದೊಂದಾಗಿ ಮೇಲೆ ಹೋಗುತ್ತಿದ್ದವು. "ಅದs ನೋಡ್ರಿ. ಉಳಿದಾವೆಲ್ಲ ಹ್ವಾದುವು" ಎಂದ.

ಕೊನೆಗೆ ಅದೇ ಎತ್ತುಗಳನ್ನು ಕಟ್ಟಿ ಎಳೆಸಿದೆವು. ಹಬ್ಬದ ದಿನ ಎತ್ತಿಗೆ ನೊಗ ಹೇರಬಾರದೆಂದು ಅವುಗಳ ಯಜಮಾನ ಮೊದಲು ಒಪ್ಪಲಿಲ್ಲ. "ಇದೂ ಎತ್ತಿನ ಜಾತೀದs ಅಂತ ತಿಳಕೊಳ್ರಿ" ಎಂದು ಡ್ರೈವರ್ ಗೆಜ್ಜೆಸರ ತೋರಿಸಿದ ಮೇಲೆ ಒಪ್ಪಿದ.

ದಂಡೆಗೆ ಮಿಸ್ತ್ರಿಯನ್ನು ಕರೆಸಿದೆವು. ಶಹಾಪುರದ ಗ್ಯಾರೇಜಿನ ಆ ಮುದುಕನನ್ನು ಊರೆಲ್ಲ ಚಾಚಾ ಎಂದೇ ಕರೆಯುತ್ತಿತ್ತು. ಅವನು ಮೊದಲು ಕೀಲಿಗೆ ಕೈ ಹಚ್ಚಗೊಡಲಿಲ್ಲ. "ಇಂಜಿನ್ ಒಳಗ ನೀರು ಹೋಗಿದ್ರ, ಸೆಲ್ಫ್ ಹೊಡದ್ರಿ ಅಂದ್ರ ರಾಡು ಡೊಂಕ ಆಗ್ತದ. ಮೊದಲ ನೋಡೂಣು" ಎಂದು ಗಾಳಿ ಸೋಸುವ ಡಬ್ಬಿಯನ್ನು ಬಿಚ್ಚಿದ. ಅದರ ತಳದಲ್ಲಿ ಎಣ್ಣೆ ಇರಬೇಕು. ಹಾಲಿನಂಥ ನೀರಿತ್ತು. ನೀರಿನಲ್ಲಿ ಹೆಬ್ಬೆರಳುದ್ದದ ಒಂದು ಮೀನು.

ಚಾಚಾ ಮೀನನ್ನು ನೋಡಿದ, ನನ್ನನ್ನು ನೋಡಿದ. "ಅಮ್ಮಾ, ಗಾಡಿ ಉಸರಾಡಸ್ತದ ಖರೆ. ಆದ್ರ ಮೀನಿನ್ಹಂಗ ಉಸರಾಡ್ಸಾಕ ಅದಕ್ಕ ಬರೂದಿಲ್ಲ."

ಪುಸ್ತಕದಲ್ಲಿ ಡ್ರೈವರನ ಹೆಸರಿನ ಮುಂದೆ ಮೊದಲ ಗುರುತು ಹಾಕಿದೆ. ಕಾರಣದ ಅಂಕಣದಲ್ಲಿ ಅವನು ನಾಲಿಗೆ ಕಚ್ಚಿಕೊಂಡು, ದಪ್ಪ ಅಕ್ಷರದಲ್ಲಿ ಬರೆದ: "ಗಾಡಿ ತೊಯ್ದದ. ಒಣಗಿದ ಮ್ಯಾಲ ಚಾಲೂ ಆಗ್ತದ."

"ಇದು ಕಾರಣವಲ್ಲ, ಸಮಾಧಾನ" ಎಂದೆ.

"ಪೂರ್ಣ ವಾಕ್ಯ ಅದ ಅಲ್ರಿ?" ಎಂದ. ಇತ್ತು.

ಮೂರನೆಯ ದಿನ ಒಣಗಿತು, ಚಾಲೂ ಆಯಿತು. ಮೀನನ್ನು ಡ್ರೈವರ್ ಕಾಲುವೆಗೆ ಬಿಟ್ಟುಬಂದ.

ತವೆಯ ಮೇಲೆ ಆರು

ಆಷಾಢದ ಗಾಳಿಮಳೆ ಎರಡು ದಿನ ಬಿಡದೆ ಬಡಿಯಿತು. ಲಾರಿ ಮನೆಯ ಮುಂದೆಯೇ ನಿಂತಿತ್ತು. ಮೂರನೆಯ ಬೆಳಿಗ್ಗೆ ಕೀಲಿ ತಿರುವಿದರೆ "ಟಕ್" ಎಂದು ಸುಮ್ಮನಾಯಿತು. ದೇವರ ಮಳೆ, ಆದ್ದರಿಂದ ಯಾರಿಗೂ ಗುರುತು ಹಾಕಲಿಲ್ಲ. ಚಾಚಾ ಬಂದ.

ಈ ಸಲ ನಾನು ಸಿದ್ಧಳಾಗಿದ್ದೆ. ನನ್ನ ತಂದೆಯವರ ಹತ್ತಿರ ಒಂದು ಪೆಟ್ರೋಲ್ ಕಾರಿತ್ತು. ಮಳೆಯಲ್ಲಿ ಅದು ನಿಂತರೆ ಅವರು ಪ್ಲಗ್ಗುಗಳನ್ನು ಬಿಚ್ಚಿ, ಒರೆಸಿ, ತವೆಯ ಮೇಲೆ ಬೆಚ್ಚಗೆ ಮಾಡಿ ಮತ್ತೆ ಹಾಕುತ್ತಿದ್ದರು. ಕಾರು ಒಂದೇ ಮಾತಿಗೆ ಏಳುತ್ತಿತ್ತು.

"ಪ್ಲಗ್ಗುಗಳನ್ನು ಬಿಚ್ಚಿ ಕೊಡಿ. ನಾನು ತವೆ ಇಡುತ್ತೇನೆ" ಎಂದೆ.

ಚಾಚಾ ಬಾಯಿ ತೆರೆದ. ನನ್ನ ಮುಖ ನೋಡಿದ. ಬಾಯಿ ಮುಚ್ಚಿದ. "ಆತ್ರಿ ಅಮ್ಮಾ" ಎಂದು ಬಾನೆಟ್ಟಿನ ಕೆಳಗೆ ತಲೆ ಹಾಕಿದ.

ಅರ್ಧ ಗಂಟೆ ಕಾದೆ. "ಆಯಿತೇ?"

"ಹುಡಕಾಕತ್ತೇನ್ರಿ ಅಮ್ಮಾ."

ಒಂದು ಗಂಟೆಯಾಯಿತು. "ಏನು ತಡ?"

"ಭಾಳ ಒಳಗ ಕುಂತಾವ್ರಿ."

ಡ್ರೈವರ್ ಹಿಂದಿನ ಗಾಲಿಯ ಹತ್ತಿರ ಹೋಗಿ ನಮ್ಮ ಕಡೆಗೆ ಬೆನ್ನು ಮಾಡಿ ನಿಂತ. ಅವನ ಹೆಗಲು ಅಲುಗುತ್ತಿತ್ತು. ಕೆಮ್ಮು ಎಂದು ತಿಳಿದು ಒಳಗಿನಿಂದ ಬಿಸಿನೀರು ಕೊಡಿಸಿದೆ.

ಕೊನೆಗೆ ಚಾಚಾ ಕರವಸ್ತ್ರದಲ್ಲಿ ಆರು ಎಣ್ಣೆಜಿಡ್ಡಿನ ತುಂಡುಗಳನ್ನು ತಂದು ಕೊಟ್ಟ. ಸೀಗೆಪುಡಿಯಿಂದ ತೊಳೆದು, ಒರೆಸಿ, ತವೆಯ ಮೇಲೆ ಹೊರಳಿಸಿ ಹೊರಳಿಸಿ ಬೆಚ್ಚಗೆ ಮಾಡಿ ಮರಳಿಸಿದೆ. ಅಷ್ಟರಲ್ಲಿ ಹೊರಗೆ ಒಳ್ಳೆಯ ಬಿಸಿಲು ಬಿದ್ದಿತ್ತು. ಅವನು ಏನೋ ಒರೆಸಿದ, ಏನೋ ಬಿಗಿದ. ಲಾರಿ ಎದ್ದಿತು.

ಆ ತಿಂಗಳೆಲ್ಲ ಕ್ಯಾಂಪಿನ ಹೆಂಗಸರಿಗೆ ಈ ಉಪಾಯ ಹೇಳಿಕೊಟ್ಟೆ. ಒಂದು ದಿನ ಊಟಕ್ಕೆ ಕುಳಿತಾಗ ನಮ್ಮವರು ತಲೆ ಎತ್ತದೆ, "ಡೀಸೆಲ್ ಇಂಜಿನ್ನಿಗೆ ಪ್ಲಗ್ ಇರೂದಿಲ್ಲಂತ. ಆಫೀಸಿನ್ಯಾಗ ಎಲ್ಲಾರೂ ಅಂತಾರ. ನಗತಾರ ಖರೆ, ಯಾಕಂತ ಗೊತ್ತಿಲ್ಲ" ಎಂದರು.

ಕೈ ತೊಳೆದು ನೇರ ಗ್ಯಾರೇಜಿಗೆ ಹೋದೆ. "ಚಾಚಾ, ಆ ಆರು ಏನು?"

ಚಾಚಾ ಎದ್ದು ನಿಂತ. "ಸೀಟಿನ ಬೋಲ್ಟ್ ಅವ್ರಿ ಅಮ್ಮಾ."

"ಪ್ಲಗ್ಗೇ ಇಲ್ಲವೆಂದು ಆಗಲೇ ಏಕೆ ಹೇಳಲಿಲ್ಲ?"

"ಹೇಳಾಂವ ಇದ್ದೆ. ನೀವು ತವಾ ಇಟ್ಟs ಬಿಟ್ರಿ. ಕಾದ ತವಾ ಖಾಲಿ ಇಳಸೂದು ಮನಿಗೆ ಛಲೋ ಅಲ್ಲ ಅಂತ ನಮ್ಮ ಅಮ್ಮಿ ಅಂತಿದ್ಲು."

ಅತ್ತೆಯವರ ಮದ್ದು

ನನ್ನ ಅತ್ತೆಯವರಿಗೆ ಲಾರಿಯ ರೋಗ ಮೊದಲಿನಿಂದಲೂ ಗೊತ್ತಿತ್ತು. ದೃಷ್ಟಿ. "ಬರೇ ಹೊಸಾ ಬಣ್ಣ ಹಚ್ಚೀರಿ, ಮಂದಿ ಕಣ್ಣು ಸುಮ್ನ ಇರ್ತಾವೇನು?"

ಶ್ರಾವಣದ ಒಂದು ಜಿಟಿಜಿಟಿ ಮಧ್ಯಾಹ್ನ ಲಾರಿ ಮತ್ತೆ ಮುನಿಸಿಕೊಂಡಿತ್ತು. ಚಾಚಾ ಕೆಳಗೆ ಮಲಗಿ, ಬಿಚ್ಚಿದ್ದ ಡೀಸೆಲ್ಲಿನ ಕೊಳವೆಯನ್ನು ಮತ್ತೆ ಬಿಗಿದು ಮುಗಿಸುತ್ತಿದ್ದ, ನೆಲಕ್ಕೆಲ್ಲ ಡೀಸೆಲ್ ಚೆಲ್ಲಿತ್ತು. ಡ್ರೈವರ್ ಸೀಟಿನಲ್ಲಿದ್ದ. ಅತ್ತೆಯವರು ಒಡೆದ ಗಡಿಗೆಯ ಬೋಕಿಯಲ್ಲಿ ಕೆಂಡ ಹಾಕಿ, ಉಪ್ಪು, ಒಣಮೆಣಸಿನಕಾಯಿ, ಲೋಬಾನ ಸುರಿದು, ಲಾರಿಗೆ ಮೂರು ಸುತ್ತು ನಿವಾಳಿಸಿದರು. ಅಷ್ಟಕ್ಕೆ ಬಿಟ್ಟಿದ್ದರೆ ಚೆನ್ನಾಗಿತ್ತು. "ಒಳಗೂ ಹೊಗಿ ತಾಗಲಿ" ಎಂದು ಕೆಂಡದ ಬೋಕಿಯನ್ನು ಲಾರಿಯ ಕೆಳಗೆ ಸರಿಸಿದರು.

ಅರವತ್ತೈದು ವರ್ಷದ ಚಾಚಾ ಮಲಗಿದಲ್ಲಿಂದ ಹೇಗೆ ಎದ್ದನೆಂದು ಯಾರೂ ನೋಡಲಿಲ್ಲ. ಕೆಂಡ ರಸ್ತೆಯ ಆಚೆ ಬಿತ್ತು, ಅವನು ಈಚೆ ಬಿದ್ದ. "ಯಾ ಅಲ್ಲಾ! ಅಮ್ಮಾ, ಡೀಸೆಲ್! ಡೀಸೆಲ್!" ಎಂದು ಕೂಗಿದ. ಆ ಕೂಗಿಗೆ ಬೆಚ್ಚಿ ಡ್ರೈವರನ ಕೈ ಕೀಲಿಯ ಮೇಲೆ ಬಿತ್ತು. ಲಾರಿ ಸೀನಿತು, ಕೆಮ್ಮಿತು, ಎದ್ದಿತು.

ಎಲ್ಲರೂ ಬಾಯಿಬಿಟ್ಟು ನಿಂತೆವು. ಅತ್ತೆಯವರು ಮಾತ್ರ ಸೆರಗು ಝಾಡಿಸಿಕೊಂಡು, "ಬೆಂಕಿ ತೋರಿಸಿದ್ರ ಎಂಥಾವೂ ಏಳ್ತಾವ. ನಿನ್ನ ಗಂಡನ್ನ ಸಾಲಿಗೆ ಹಿಂಗs ಎಬ್ಬಸ್ತಿದ್ದೆ" ಎಂದು ಒಳಗೆ ಹೋದರು.

ಮುಚ್ಚಳ

ಹತ್ತಿಕುಣಿ ಕಡೆಯಿಂದ ಹೆಸರುಕಾಳಿನ ಚೀಲ ಹೇರಿಕೊಂಡು ಬರುವಾಗ ದಾರಿಯಲ್ಲಿ ಮಳೆ ಹಿಡಿಯಿತು. ಯಾದಗಿರಿ ಇನ್ನು ನಾಲ್ಕು ಮೈಲಿ ಇದ್ದಾಗ ಲಾರಿ ಎರಡು ಸಲ ಜಗ್ಗಿ ನಿಂತಿತು. ಡ್ರೈವರ್ ಬಸ್ಸಿನವರ ಕೈಯಲ್ಲಿ ಹೇಳಿಕಳಿಸಿದ. ನಾನು, ಚಾಚಾ, ಪುಸ್ತಕ, ಮೂವರೂ ಬಸ್ಸಿನಲ್ಲಿ ಹೋದೆವು.

ಚಾಚಾ ಟ್ಯಾಂಕಿನ ತಳದ ತಿರುಪು ಸಡಿಲಿಸಿ ಒಂದು ಗಾಜಿನ ಬಾಟಲಿ ಹಿಡಿದ. ಬಾಟಲಿ ತುಂಬಿದ ಮೇಲೆ ನನಗೆ ಎತ್ತಿ ತೋರಿಸಿದ. ಮೇಲೆ ಎರಡು ಬೆರಳು ಡೀಸೆಲ್, ಕೆಳಗೆಲ್ಲ ನೀರು.

"ನೀರು ಕುಡದದ್ರಿ."

ಟ್ಯಾಂಕಿನ ಬಾಯಿ ನೋಡಿದೆ. ಅಲ್ಲಿ ಮುಚ್ಚಳವಿರಲಿಲ್ಲ. ಮೆಕ್ಕೆಜೋಳದ ದಿಂಡಿಗೆ ಹಳೆಯ ಬನಿಯನ್ ಸುತ್ತಿ ತುರುಕಲಾಗಿತ್ತು. ಬನಿಯನ್ ಮಳೆಯಲ್ಲಿ ನೆನೆದು ಟ್ಯಾಂಕಿನೊಳಗೆ ಹನಿಹನಿಯಾಗಿ ಹಿಂಡಿಕೊಳ್ಳುತ್ತಿತ್ತು.

"ಮುಚ್ಚಳ ಎಲ್ಲಿ?"

"ಗೊತ್ತಿಲ್ರಿ ಅಮ್ಮಾ. ಮನಿ ಮುಂದ ನಿಂತಾಗ ಇತ್ತು. ಆಮ್ಯಾಲ ಇಲ್ಲ."

"ಮುಚ್ಚಳಕ್ಕೆ ಕಾಲಿಲ್ಲ. ವಸ್ತುಗಳು ಕಳೆಯುವುದಿಲ್ಲ, ಜನ ಕಳೆಯುತ್ತಾರೆ."

"ಆಣಿ ಮಾಡ್ತೀನ್ರಿ..."

"ಆಣೆ ಬೇಡ. ಸಹಿ ಮಾಡು."

ರಸ್ತೆಯ ಬದಿಯಲ್ಲಿ, ಚಾಚಾ ಹಿಡಿದ ಕೊಡೆಯ ಕೆಳಗೆ, ಎರಡನೆಯ ಗುರುತು ಹಾಕಿದೆ. ಡ್ರೈವರ್ ಆ ಕೆಂಪನ್ನು ಬಹಳ ಹೊತ್ತು ನೋಡಿದ. "ಇನ್ನೊಂದು ಬಿತ್ತಂದ್ರ ಗದ್ದಿ" ಎಂದು ತನ್ನಷ್ಟಕ್ಕೆ ಹೇಳಿಕೊಂಡ. ಚಾಚಾ ಕೈಪಂಪು ಒತ್ತಿ ಒತ್ತಿ ಡೀಸೆಲ್ಲಿನ ಕೊಳವೆಯಿಂದ ಗಾಳಿ ತೆಗೆಯುತ್ತ, "ನೀನೂ ಡೀಸೆಲ್‌ನಂಗ ಮ್ಯಾಲ ತೇಲು ಮಗನೆ, ಕೆಳಗಿಳೀಬ್ಯಾಡ" ಎಂದ.

ಹದಿನೈದು ದಿನ ಕಳೆದವು. ಊಟದ ಹೊತ್ತಿಗೆ ಉಪ್ಪಿನಕಾಯಿ ಬಡಿಸಲು ಜಾಡಿಗೆ ಕೈ ಹಾಕಿದೆ. ಜಾಡಿಗೆ ಹೊಸದೊಂದು ಮುಚ್ಚಳ. ಬಂಗಾರದಂತೆ ಹೊಳೆಯುತ್ತಿತ್ತು. ತಿರುಗಿಸಿ ನೋಡಿದೆ. ಲಾರಿಯ ಟ್ಯಾಂಕಿನದೇ.

ನೆನಪಾಯಿತು. ಮನೆಯ ಮುಂದೆ ನಿಂತ ಲಾರಿಯ ಟ್ಯಾಂಕಿನ ಮುಚ್ಚಳಕ್ಕೆ ಜಿಡ್ಡು ಹತ್ತಿದ್ದನ್ನು ಕಂಡು, ಸಹಿಸದೆ, ನಾನೇ ಬಿಚ್ಚಿ ತಂದಿದ್ದೆ. ಹಿತ್ತಾಳೆಯ ಪಾತ್ರೆಗಳ ಜೊತೆ ಹುಣಸೆಹಣ್ಣು ಹಚ್ಚಿ ತಿಕ್ಕಿ ಒಣಗಲಿಟ್ಟಿದ್ದೆ. ಆಮೇಲೆ ಮರೆತಿದ್ದೆ.

"ಇದನ್ನು ಇಲ್ಲಿಗೆ ಹಾಕಿದವರು ಯಾರು?" ಎಂದು ಅತ್ತೆಯವರನ್ನು ಕೇಳಿದೆ.

"ನಾನs. ನೀ ತಿಕ್ಕಿ ಇಟ್ಟಿದ್ದಿಯಲ್ಲ. ಏನ್ ಗಚ್ಚಾಗಿ ಕುಂತದ ನೋಡು. ಒಂದ ಹನಿ ನೀರು ಒಳಗ ಹೋಗೂದಿಲ್ಲ" ಎಂದರು.

ತೊಯ್ದವರು ಯಾರು

ಆ ಮುಚ್ಚಳದ ವಿಷಯ ನಾನು ಯಾರಿಗೂ ಹೇಳಲಿಲ್ಲ. ಕೆಂಪು ಶಾಯಿಯನ್ನು ಅಳಿಸಬಾರದೆಂಬುದು ಕಾನ್ವೆಂಟಿನ ನಿಯಮ ಎಂದು ನನಗೆ ನಾನೇ ಹೇಳಿಕೊಂಡೆ. ಡ್ರೈವರನಿಗೆ ಹೊಸ ಮುಚ್ಚಳ ತರಿಸಿಕೊಟ್ಟೆ. ಅವನು ಅದನ್ನು ಸರಪಳಿಯಿಂದ ಟ್ಯಾಂಕಿಗೆ ಕಟ್ಟಿ, ದಿನಕ್ಕೆ ಹತ್ತು ಸಲ ಮುಟ್ಟಿ ನೋಡುತ್ತಿದ್ದ. ಅದನ್ನು ನೋಡಿದಾಗಲೆಲ್ಲ ನನಗೆ ಊಟದಲ್ಲಿ ಉಪ್ಪಿನಕಾಯಿ ಬೇಡವಾಗುತ್ತಿತ್ತು.

ಮಳೆಗಾಲ ಮುಗಿಯುತ್ತ ಬಂದಿತ್ತು. ಹುಣಸಗಿಯಲ್ಲಿ ಹೊಸದಾಗಿ ಒಂದು ಹೆಣ್ಣುಮಕ್ಕಳ ಶಾಲೆ ತೆರೆಯುವವರಿದ್ದರು. ಶಹಾಪುರದ ಬಡಿಗೇರ ಮಾಡಿದ ಬೆಂಚುಗಳನ್ನು ನಮ್ಮ ಲಾರಿಯಲ್ಲಿ ಒಯ್ಯುವುದೆಂದಾಯಿತು. ನಾಲ್ಕು ಮಾತನಾಡಲು ನನ್ನನ್ನೂ ಕರೆದರು. ವಿಷಯ: ಶುಚಿತ್ವ ಮತ್ತು ಸಮಯಪಾಲನೆ.

ಬೆಳಿಗ್ಗೆ ಏಳಕ್ಕೆ ಬೆಂಚು ಹೇರಿದ ಲಾರಿ ಬಾಗಿಲಿಗೆ ಬಂತು. ಗಂಜಿ ಹಾಕಿದ ಬಿಳಿ ಸೀರೆ ಉಟ್ಟು ಹೊರಗೆ ಬಂದ ನಾನು ಅದರ ಮೂತಿ ನೋಡಿದೆ. ಕೆಸರು. ಬಾನೆಟ್ ಎತ್ತಿಸಿದೆ. ಒಳಗೆ ಇನ್ನೂ ಹೊಲಸು. ಶುಚಿತ್ವದ ಭಾಷಣ ಮಾಡುವವಳು ಇದರಿಂದ ಇಳಿಯುವುದೇ?

"ತೊಳೆ" ಎಂದೆ.

"ಹೊರಗಷ್ಟ ತೊಳೀತೀನ್ರಿ ಅಮ್ಮಾ. ಒಳಗ ಬ್ಯಾಡ್ರಿ."

"ಕಿವಿಯ ಹಿಂದೆ ತೊಳೆಯದ ಮಗುವನ್ನು ಯಾರೂ ಶುಚಿಯೆನ್ನುವುದಿಲ್ಲ."

"ಚಾಚಾ ಹೇಳ್ಯಾನ್ರಿ, ನೀರು..."

ಅವನ ಕೈ ಹಿಂದೆ ಸರಿಯಿತು. ನಾನು ಸೀರೆ ಎತ್ತಿ ಕಟ್ಟಿ, ನಲ್ಲಿಯ ಪೈಪನ್ನು ತೆಗೆದುಕೊಂಡೆ. ನನ್ನ ಸ್ನಾನದ ಸಾಬೂನು ತಂದು ಇಂಜಿನ್ನಿಗೆಲ್ಲ ಹಚ್ಚಿ ತೊಳೆದೆ. ಹೊಗೆ ಹಿಡಿದು ಕಪ್ಪಾಗಿದ್ದ ಸೈಲೆನ್ಸರಿನ ಬಾಯಿಗೂ ಪೈಪು ಹಿಡಿದು, ಒಳಗೆ ಸ್ವಚ್ಛವಾಗುವವರೆಗೆ ನೀರು ಬಿಟ್ಟೆ. ಲಾರಿ ಕನ್ನಡಿಯಂತಾಯಿತು.

ಕೀಲಿ ತಿರುವಿದ. "ಟಕ್."

ಚಾಚಾ ಬಂದ. ಬಾನೆಟ್ಟಿನೊಳಗೆ ಇಣುಕಿದ. ಒಳಗಿನಿಂದ ಗುಳ್ಳೆ ಏಳುತ್ತಿದ್ದವು. "ಇಲ್ಲಿ ನೀರು ಹಾಕ್ದಾವ್ರು ಯಾರ್ರಿ?" ಎಂದ.

ನಮ್ಮವರು ಆಕಾಶ ನೋಡಿದರು. ಬೆಂಚಿನ ಜೊತೆ ಬಂದಿದ್ದ ಬಡಿಗೇರ ನೆಲ ನೋಡಿದ. ನಾನು ಸೀರೆಯ ನೆರಿಗೆ ಸರಿಪಡಿಸಿಕೊಂಡೆ. ಹತ್ತು ವರ್ಷದಲ್ಲಿ ಒಂದು ಗುರುತೂ ಬೀಳದವಳಿಗೆ ತಪ್ಪೊಪ್ಪಿಕೊಳ್ಳುವ ಅಭ್ಯಾಸವೇ ಇರುವುದಿಲ್ಲ.

"ನಾನs ಚಾಚಾ" ಎಂದ ಡ್ರೈವರ್.

ಚಾಚಾ ಗುಳ್ಳೆಯನ್ನು ಬೆರಳಿಗೆ ಹಚ್ಚಿಕೊಂಡು ಮೂಸಿದ. "ನೀ ಆಗಿದ್ರ ಮೀನಿನ ವಾಸನಿ ಬರ್ತಿತ್ತು ಮಗನೆ. ಇದು ಮಲ್ಲಿಗಿ" ಎಂದು ನನ್ನ ಕಡೆಗೆ ನೋಡದೆ ಕೆಲಸಕ್ಕೆ ಇಳಿದ.

ಮೊದಲು ಇಂಜಿನ್ನನ್ನು ಕೈಯಿಂದ ತಿರುಗಿಸಿ, ಒಳಗೆ ನೀರು ಇಳಿದಿಲ್ಲವೆಂದು ಖಾತ್ರಿ ಮಾಡಿಕೊಂಡ. ತಂತಿಗಳನ್ನೆಲ್ಲ ಒರೆಸಿದ. ಸೆಲ್ಫ್ ಮೋಟಾರು ಬಿಚ್ಚಿ ಬಿಸಿಲಿಗಿಟ್ಟ. ಗಂಟೆ ಒಂಬತ್ತಾಯಿತು. ಮೋಟಾರು ಒಣಗಲಿಲ್ಲ. "ಇದಿಲ್ದs ದಬ್ಬಬೇಕು. ಬ್ಯಾರೆ ದಾರಿ ಇಲ್ಲ" ಎಂದ.

ಬೆಂಚು ತುಂಬಿದ ಲಾರಿ. ಬಡಿಗೇರ, ನಮ್ಮವರು, ನೆರೆಯವರು, ದಾರಿಯಲ್ಲಿ ಹೋಗುತ್ತಿದ್ದ ಇಬ್ಬರು ಪೋಸ್ಟ್‌ಮನ್‌ಗಳು, ಎಲ್ಲರೂ ಕೈ ಹಚ್ಚಿದರು. ಅದು ಅಲುಗಲಿಲ್ಲ. ಆಗ ನಾನೂ ಹೋಗಿ ಹಿಂದಿನ ಬಲಮೂಲೆಯಲ್ಲಿ ನಿಂತೆ. ಬಾಯಿಂದ ಆಗದ್ದನ್ನು ಕೈಯಿಂದಾದರೂ ಮಾಡೋಣವೆಂದು.

"ಅಮ್ಮಾ, ಆ ಮೂಲ್ಯಾಗ ನಿಲ್ಲಬ್ಯಾಡ್ರಿ" ಎಂದ ಚಾಚಾ.

"ನಾನು ಎಲ್ಲಿ ನಿಲ್ಲಬೇಕೆಂದು ನನಗೆ ಗೊತ್ತು" ಎಂದೆ. ಆ ದಿನ ನಾನು ಆಡಿದ ಕೊನೆಯ ಮಾತು ಅದೇ ಆಗುವುದಿತ್ತು.

"ಹೂಂ, ದಬ್ರೋ!" ಲಾರಿ ಉರುಳಿತು. ಡ್ರೈವರ್ ಗೇರು ಹಾಕಿ ಕ್ಲಚ್ಚು ಬಿಟ್ಟ. ಇಂಜಿನ್ ಗುಡುಗಿತು. ನಾನು ಬೆಳಿಗ್ಗೆ ಸೈಲೆನ್ಸರಿಗೆ ಕುಡಿಸಿದ ಅಷ್ಟೂ ನೀರನ್ನು, ಹಲವು ವರ್ಷಗಳ ಮಸಿಯನ್ನು ಕಲಸಿ, ಅದು ಒಂದೇ ಉಸಿರಿಗೆ ನನ್ನ ಮೇಲೆ ಉಗಿಯಿತು.

ಯಾರೂ ನಗಲಿಲ್ಲ. ಅದು ನಗುವುದಕ್ಕಿಂತ ಕೆಟ್ಟದಾಗಿತ್ತು. ಇಬ್ಬರು ಪೋಸ್ಟ್‌ಮನ್‌ಗಳು ಟೊಪ್ಪಿಗೆ ತೆಗೆದು ನಿಂತರು.

ಸೀರೆ ಬದಲಿಸಲು ಹೊತ್ತಿರಲಿಲ್ಲ. ಇಂಜಿನ್ ನಿಲ್ಲಿಸಿದರೆ ಮತ್ತೆ ದಬ್ಬಬೇಕು. ಹಾಗೆಯೇ ಕ್ಯಾಬಿನ್ ಹತ್ತಿ, ಬೆನ್ನು ನೇರ ಮಾಡಿ ಕುಳಿತೆ. ಸುರಪುರ ದಾಟಿತು. ಡ್ರೈವರ್ ಒಮ್ಮೆ, "ನೀರು ಕುಡೀತೀರೇನ್ರಿ ಅಮ್ಮಾ?" ಎಂದ. ನಾನು ಬೇಡವೆಂದು ತಲೆಯಾಡಿಸಿದೆ. ದಾರಿಯ ಎರಡೂ ಕಡೆ ಹಸಿರು ಗದ್ದೆ. ಅವನು ಮಾತ್ರ ಅತ್ತ ನೋಡದೆ ರಸ್ತೆಯನ್ನೇ ನೋಡುತ್ತಿದ್ದ, ಇನ್ನು ಅದನ್ನು ನೋಡಲು ಸಿಗುವುದಿಲ್ಲ ಎಂಬಂತೆ.

ಹುಣಸಗಿಯಲ್ಲಿ ನನ್ನನ್ನು ವೇದಿಕೆಗೆ ಕರೆದರು. ಸೀರೆಯ ಕಾರಣದಿಂದ ಭಾಷಣದಲ್ಲಿ ಶುಚಿತ್ವದ ಭಾಗವನ್ನು ಬಿಡಬೇಕಾಯಿತು. ಎರಡು ಗಂಟೆ ತಡವಾದ್ದರಿಂದ ಸಮಯಪಾಲನೆಯ ಭಾಗವನ್ನೂ ಬಿಡಬೇಕಾಯಿತು. ಉಳಿದದ್ದು ನಮಸ್ಕಾರ. ಅದನ್ನು ಕೈಮುಗಿದೇ ಮುಗಿಸಿದೆ. ಚಪ್ಪಾಳೆ ಬಹಳ ಹೊತ್ತು ಬಿತ್ತು. ಅಷ್ಟು ಒಳ್ಳೆಯ ಭಾಷಣವನ್ನು ಅವರು ಮೊದಲು ಕೇಳಿರಲಿಲ್ಲವಂತೆ.

ಸಂಜೆ ಮನೆಗೆ ಬಂದೆವು. ಚಾಚಾ ಒಣಗಿದ ಮೋಟಾರು ಹಿಡಿದು ಕಾಯುತ್ತಿದ್ದ. ನಾನು ಸೀರೆ ಬದಲಿಸಿ ಹೊರಗೆ ಬರುವಾಗ ಡ್ರೈವರ್ ಬಾಗಿಲಲ್ಲಿ ನಿಂತಿದ್ದ. ಬಗಲಲ್ಲಿ ಅವನ ಹಾಸಿಗೆಯ ಸುರುಳಿ.

"ಪುಸ್ತಕ ತಗೀರಿ ಅಮ್ಮಾ. ಮೂರನೇದು ಹಾಕಿಬಿಡ್ರಿ. ದೇವಾಪುರದ ಬಸ್ಸು ಹೋಗೂದ್ರಾಗ" ಎಂದ.

ಒಳಗೆ ಹೋಗಿ ಉಪ್ಪಿನಕಾಯಿ ಜಾಡಿಯ ಮುಚ್ಚಳ ತೆಗೆದು ತಂದು ಅವನ ಮುಂದೆ ಇಟ್ಟೆ. ಅವನು ಅದನ್ನು ಎತ್ತಿ ತಿರುಗಿಸಿ ನೋಡಿದ. ಗುರುತು ಹಿಡಿದ. ಮೂಸಿ ನೋಡಿದ. "ಮಾವಿನಕಾಯಿ" ಎಂದ.

ಪುಸ್ತಕ ತೆರೆದು, ಎರಡನೆಯ ಗುರುತಿನ ಮುಂದಿದ್ದ ಅವನ ಹೆಸರು ಹೊಡೆದು ನನ್ನ ಹೆಸರು ಬರೆದೆ. ಅದರ ಕೆಳಗೆ ಆ ದಿನದ ದಿನಾಂಕ ಹಾಕಿ, ಮತ್ತೆ ನನ್ನ ಹೆಸರು ಬರೆದೆ. ಕೆಂಪು ಶಾಯಿಯಲ್ಲಿ ನನ್ನ ಹೆಸರು ಹೇಗೆ ಕಾಣುತ್ತದೆಂದು ಅಲ್ಲಿಯವರೆಗೆ ನನಗೆ ಗೊತ್ತಿರಲಿಲ್ಲ.

"ಎರಡಾದುವು" ಎಂದರು ನಮ್ಮವರು ಭುಜದ ಮೇಲಿಂದ ನೋಡುತ್ತ. "ಪ್ಲಗ್ ಹಂಗs ಬಿಡಬೇಕೇನು?"

ಪೆನ್ನು ಕೆಳಗಿಟ್ಟವಳು ಮತ್ತೆ ಎತ್ತಿಕೊಂಡು ಮೂರನೆಯದನ್ನೂ ಬರೆದೆ.

ನಮ್ಮವರು ಮೊದಲ ಪುಟ ತಿರುವಿ, ಆಫೀಸಿನ ದನಿಯಲ್ಲಿ ಓದಿದರು: "'ಯಾರ ಹೆಸರಿನ ಮುಂದೆ ಮೂರು ಕೆಂಪು ಗುರುತು ಬೀಳುವವೋ ಅವರು ತಮ್ಮ ಮನೆಗೆ ಹೋಗತಕ್ಕದ್ದು.' ಆವತ್ತs ಹೇಳಿದ್ದೆ, ಡ್ರೈವರ್ ಅಂತ ಬರಿ ಅಂತ."

ಡ್ರೈವರ್ ಹಾಸಿಗೆಯ ಸುರುಳಿಯನ್ನು ಕೆಳಗಿಟ್ಟ. ಹಗುರಾಗಿ ಇಟ್ಟ. "ಬಸ್ ಯಾಕ್ರಿ? ಗುಲ್ಬರ್ಗಾಕ್ಕ, ನಿಮ್ಮ ತವರಮನಿ ತನಕ ನಾನs ಬಿಟ್ಟು ಬರ್ತೀನಿ. ಟ್ರಂಕು ಏರಸ್ಲೇನ್ರಿ ಅಮ್ಮಾ?"

"ಅದೆಲ್ಲ ಇರ್ಲಿ, ನನ್ನ ಜಾಡಿಗೆ ಏನ್ ಮುಚ್ಚಲಿ?" ಎಂದರು ಅತ್ತೆಯವರು ಒಳಗಿನಿಂದ.

ನಾನು ಬೆಳಿಗ್ಗೆಯಿಂದ ತುಟಿ ತೆರೆದಿರಲಿಲ್ಲ. ಈಗಲೂ ತೆರೆಯಲಿಲ್ಲ. ನಮ್ಮವರಿಗೆ ಸ್ವಲ್ಪ ಹೆದರಿಕೆಯಾಯಿತೆಂದು ತೋರುತ್ತದೆ. "ಏನರ ಅನ್ನಬೇಕಪ್ಪ. ಬೈಯೂದಾದ್ರೂ ಬೈ" ಎಂದರು. ಚಾಚಾ ನನ್ನನ್ನು ಒಮ್ಮೆ ಲಾರಿಯನ್ನು ನೋಡುವಂತೆ ತಲೆಯಿಂದ ಕಾಲಿನವರೆಗೆ ನೋಡಿ, ಡ್ರೈವರನ ಕಿವಿಯಲ್ಲಿ ಏನೋ ಹೇಳಿದ.

ಕಾರಣದ ಅಂಕಣ ಖಾಲಿ ಇತ್ತು. ನಿಯಮದಂತೆ ಅದನ್ನು ಡ್ರೈವರನೇ ತುಂಬಬೇಕು. ಪುಸ್ತಕವನ್ನು ಅವನ ಮುಂದೆ ಸರಿಸಿದೆ. ಅವನು ನೆಲದ ಮೇಲೆ ಕುಳಿತು, ನಾಲಿಗೆ ಕಚ್ಚಿಕೊಂಡು, ದಪ್ಪ ಅಕ್ಷರದಲ್ಲಿ ಬರೆದ. ಬರೆದು, ಪುಸ್ತಕ ಮುಚ್ಚಿ ನನ್ನ ಕೈಗೆ ಕೊಟ್ಟು, ಹಾಸಿಗೆ ಎತ್ತಿಕೊಂಡು ಲಾರಿಯ ಕಡೆಗೆ ಓಡಿಯೇ ಹೋದ. ಚಾಚಾನೂ ಹಿಂದೆಯೇ ಓಡಿದ.

ತೆರೆದು ಓದಿದೆ.

"ಅಮ್ಮಾರು ತೊಯ್ದಾರ. ಒಣಗಿದ ಮ್ಯಾಲ ಚಾಲೂ ಆಗ್ತಾರ."

ಮರುದಿನ ಬೆಳಿಗ್ಗೆ, ಯಾರೂ ದಬ್ಬದೆಯೇ, ಚಾಲೂ ಆದೆ.